ಅಂಗಡಿಗೆ ಪೋಸ್ಟ್ ಬರೆದುಕೊಡೋ ಎಐ ಟೂಲ್: ನೀವೇ ಕಟ್ಟಿಕೊಳ್ಳುವ ದಾರಿ

"ಸರ, ನಮ್ಮ ಅಂಗಡಿ ಪೋಸ್ಟ್ ತಾನ ಬರೀಬೇಕು, ಅಂಥಾದ್ದೊಂದು ಎಐ ಟೂಲ್ ಹೆಂಗ ಮಾಡೋದ್ರಿ?" ಈ ಪ್ರಶ್ನೆ ನನಗೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ಹುಬ್ಬಳ್ಳಿಯ ಸೀರೆ ಅಂಗಡಿಯವರು ಕೇಳುತ್ತಾರೆ, ಧಾರವಾಡದಲ್ಲಿ ಇಂಜಿನಿಯರಿಂಗ್ ಓದೋ ಹುಡುಗರು ಕೇಳುತ್ತಾರೆ, ಬ್ಯಾಡಗಿಯಲ್ಲಿ ಖಾರದ ಪುಡಿ ಮಾಡಿ ಮಾರುವ ಮಹಿಳಾ ಸಂಘದವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಫೋನಲ್ಲಿ ಹೇಳೋದಕ್ಕಿಂತ ಒಂದೇ ಸಲ ಬರೆದುಬಿಡೋಣ ಅನಿಸಿತು.

ಎಲ್ಲರೂ ಮೊದಲು ಕೇಳೋದು "ಯಾವ ಎಐ ಛಲೋ?" ಅಂತ. ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ಈಗ ಸಿಗುವ ದೊಡ್ಡ ಮಾಡೆಲ್‌ಗಳು, ಅಂದರೆ ಎಐನ ಒಳಗೆ ಕೂತು ಬರೆಯುವ ಪ್ರೋಗ್ರಾಂಗಳು, ಕನ್ನಡವನ್ನು ತಕ್ಕಮಟ್ಟಿಗೆ ಬರೆಯುತ್ತವೆ. ಅವಕ್ಕೆ ನಿಮ್ಮ ಅಂಗಡಿ ಗೊತ್ತಿಲ್ಲ, ಅಷ್ಟೇ. ಗೊತ್ತಿಲ್ಲದ್ದನ್ನೂ ಗೊತ್ತಿದ್ದವರ ಹಾಗೆ ಬರೆಯೋದು ಅವುಗಳ ಚಾಳಿ. ಟೂಲ್ ಕಟ್ಟೋದು ಅಂದರೆ ಮುಕ್ಕಾಲು ಭಾಗ ಈ ಚಾಳಿಗೆ ಮೂಗುದಾರ ಹಾಕುವ ಕೆಲಸ.

ಬೇಕಾಗೋದು ಇಷ್ಟು: ಒಂದು ಲ್ಯಾಪ್‌ಟಾಪ್, ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಸ್ವಲ್ಪ ಬರುವವರು ಒಬ್ಬರು, ಒಂದು ಗೂಗಲ್ ಖಾತೆ, ಒಂದು ಎಪಿಐ ಕೀ. ಎಪಿಐ ಅಂದರೆ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೆಲಸ ಹೇಳುವ ಕಿಂಡಿ. ಕೀ ಅಂದರೆ ಆ ಕಿಂಡಿಯಲ್ಲಿ ನಿಮ್ಮ ಖಾತೆಗೆ ಲೆಕ್ಕ ಬರೆಸುವ ಗುಟ್ಟಿನ ಅಕ್ಷರಮಾಲೆ. ಇವೆಲ್ಲಕ್ಕಿಂತ ಸಿಗೋದು ಕಷ್ಟವಾದದ್ದು ಅಂಗಡಿ ಮಾಲೀಕರ ಸಮಯ. ನಾಲ್ಕೈದು ಸಲ ಅರ್ಧ ಗಂಟೆ ಕೂರಲು ಅವರು ಒಪ್ಪದಿದ್ದರೆ ಶುರು ಮಾಡಲೇಬೇಡಿ.

1. ಒಂದೇ ಅಂಗಡಿ, ಒಂದೇ ಜಾಗ

ಎಲ್ಲ ಅಂಗಡಿಗೂ ಆಗುವ, ಎಲ್ಲ ಆ್ಯಪ್‌ಗೂ ಪೋಸ್ಟ್ ಮಾಡುವ ಟೂಲ್ ಕಟ್ಟಲು ಹೊರಟವರು ಯಾರೂ ಮುಗಿಸಿದ್ದನ್ನು ನಾನು ನೋಡಿಲ್ಲ. ಒಂದು ಅಂಗಡಿ ಆರಿಸಿ. ಅವರು ಈಗ ಪೋಸ್ಟ್ ಹೇಗೆ ಮಾಡುತ್ತಾರೆ ಅಂತ ಒಂದು ದಿನ ಸುಮ್ನೆ ಕೂತು ನೋಡಿ. ಸಾಮಾನ್ಯವಾಗಿ ಹೀಗಿರುತ್ತದೆ: ಫೋನಲ್ಲಿ ಫೋಟೊ ತೆಗೆಯುತ್ತಾರೆ, ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ, ಹಬ್ಬ ಬಂದರೆ ಅಳಿಯನಿಗೋ ತಮ್ಮನ ಮಗನಿಗೋ ಬ್ಯಾನರ್ ಮಾಡಿಕೊಡು ಅಂತ ಹೇಳುತ್ತಾರೆ. ನಿಮ್ಮ ಟೂಲ್ ಆ ಅಳಿಯನ ಜಾಗದಲ್ಲಿ ಕೂರಬೇಕು. ಅದಕ್ಕಿಂತ ದೊಡ್ಡ ಆಸೆ ಮೊದಲ ತಿಂಗಳು ಬೇಡ.

ನೋಡಲು ಒಂದು ಪುಟ ಸಾಕು. ಫೋಟೊ ಹಾಕಲು ಒಂದು ಬಟನ್, ಯಾವ ಮಾಲು ಅಂತ ಆರಿಸಲು ಒಂದು ಪಟ್ಟಿ, ಮಾತಾಡಲು ಒಂದು ಮೈಕ್. ಗಲ್ಲೆಯ ಮುಂದೆ ಗಿರಾಕಿ ನಿಂತಾಗ ಕನ್ನಡ ಟೈಪ್ ಮಾಡುವ ಪುರಸೊತ್ತು ಯಾರಿಗೂ ಇರಲ್ಲ. ಮಾತನ್ನು ಬರಹಕ್ಕೆ ತಿರುಗಿಸಲು ಕೇಂದ್ರ ಸರ್ಕಾರದ ಭಾಷಿಣಿ ಇದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ ಮುಕ್ತ ಮಾಡೆಲ್‌ಗಳೂ ಇವೆ. ಎರಡನ್ನೂ ನಿಮ್ಮ ಮಾಲೀಕರ ದನಿಯಲ್ಲೇ ಪರೀಕ್ಷಿಸಿ. ಟಿವಿ ಕನ್ನಡವನ್ನು ಸರಿಯಾಗಿ ಬರೆದುಕೊಡುವುದು "ಎರಡ್ನೂರಾ ಐವತ್ತ್ ರೂಪಾಯಿ" ಅಂದಾಗ ತಡವರಿಸಬಹುದು.

2. ಮಾಹಿತಿ ಹಾಳೆ

ಇಡೀ ಟೂಲಿನ ಜೀವ ಇಲ್ಲಿದೆ. ಗೂಗಲ್ ಶೀಟ್‌ನಲ್ಲಿ ಒಂದು ಹಾಳೆ ತೆರೆಯಿರಿ. ಒಂದು ಮಾಲಿಗೆ ಒಂದು ಸಾಲು. ಖಾನೆಗಳು ಹೀಗಿರಲಿ: ಹೆಸರು, ಅಂಗಡಿಯಲ್ಲಿ ಕರೆಯುವ ಹೆಸರು, ತೂಕ, ಬೆಲೆ, ಬೆಲೆ ಬದಲಾದ ದಿನ, ಹೇಳಬೇಕಾದ್ದು, ಹೇಳಬಾರದ್ದು.

ಕೊನೆಯ ಖಾನೆ ಯಾಕೆ ಅಂತೀರಾ? ಒಂದು ಉದಾಹರಣೆ ನೋಡಿ. ಯಾವ ಮಾಹಿತಿಯನ್ನೂ ಕೊಡದೆ "ಬ್ಯಾಡಗಿ ಖಾರದ ಪುಡಿಗೆ ಪೋಸ್ಟ್ ಬರಿ" ಅಂತ ಎಐಗೆ ಹೇಳಿದರೆ ಖಾರ ಅನ್ನೋ ಒಂದೇ ಪದ ಹಿಡಿದುಕೊಂಡು "ನಾಲಿಗೆ ಸುಡುವ ಖಾರ, ಬೆಂಕಿಯಂಥ ರುಚಿ" ಅಂತ ಶುರು ಮಾಡಬಹುದು. ಹಾವೇರಿ ಜಿಲ್ಲೆಯಲ್ಲಿ ಯಾರಿಗೆ ಬೇಕಾದರೂ ತೋರಿಸಿ, ನಗುತ್ತಾರೆ. ಬ್ಯಾಡಗಿ ಕಾಯಿ ಹೆಸರಾಗಿರೋದು ಕಡು ಕೆಂಪು ಬಣ್ಣಕ್ಕೆ. ಅದರ ಖಾರ ಕಡಿಮೆ. ಮೈ ಸುಕ್ಕಾಗಿ ಉದ್ದಕ್ಕಿರುವ ಕಡ್ಡಿ ಬೇರೆ, ದಪ್ಪಗಿರುವ ಡಬ್ಬಿ ಬೇರೆ. 2011ರಲ್ಲಿ ಇದಕ್ಕೆ ಜಿಐ ಮಾನ್ಯತೆ ಸಿಕ್ಕಿದೆ. ಜಿಐ ಅಂದರೆ ಒಂದು ಊರಿನ ಮಾಲಿಗೆ ಆ ಊರಿನ ಹೆಸರನ್ನು ಕಾಪಾಡಿಕೊಡುವ ಕಾನೂನಿನ ಗುರುತು. ಹಾಗಾಗಿ ಹೇಳಬೇಕಾದ್ದು ಖಾನೆಯಲ್ಲಿ "ಬಣ್ಣ ಜಾಸ್ತಿ, ಖಾರ ಹದ, ಡಬ್ಬಿ ಕಾಯಿ" ಅಂತ ಬರೆಯಿರಿ. ಹೇಳಬಾರದ್ದರಲ್ಲಿ "ಬೆಂಕಿ ಖಾರ" ಅಂತ ಬರೆಯಿರಿ. ಬೇರೆ ಊರಿನ ಕಾಯಿ ಬೆರೆಸಿದ ಪುಡಿಯಾದರೆ ಹೆಸರಿನ ಖಾನೆಯಲ್ಲೇ ಬ್ಯಾಡಗಿ ಅಂತ ಹಾಕಬೇಡಿ. ಟೂಲ್ ಕೇಳಲ್ಲ, ಗಿರಾಕಿ ಕೇಳುತ್ತಾರೆ.

ತಿನ್ನುವ ಮಾಲಿಗೆ ಇನ್ನೊಂದು ಎಚ್ಚರಿಕೆ. ಸಿರಿಧಾನ್ಯ, ಅಗಸಿ ಚಟ್ನಿ, ಗುರೆಳ್ಳು ಪುಡಿ ಅಂದರೆ ಸಾಕು, ಎಐ "ಸಕ್ಕರೆ ಕಾಯಿಲೆ ಗುಣವಾಗುತ್ತದೆ" ಅಂತ ಬರೆಯಲು ಹಿಂದೆ ಮುಂದೆ ನೋಡಲ್ಲ. ಆಹಾರ ರೋಗ ವಾಸಿ ಮಾಡುತ್ತದೆ ಅಂತ ಜಾಹೀರಾತು ಕೊಡುವ ಹಾಗಿಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ನಿಯಮ ಇದನ್ನು ತಡೆಯುತ್ತದೆ. "ಗುಣ, ವಾಸಿ, ಶುಗರ್, ಬಿಪಿ, ಕ್ಯಾನ್ಸರ್" ಇವು ನಿಷಿದ್ಧ ಪದಗಳ ಪಟ್ಟಿಗೆ, ಅಂದರೆ ಪೋಸ್ಟ್‌ನಲ್ಲಿ ಬರಲೇಬಾರದ ಪದಗಳ ಪಟ್ಟಿಗೆ, ನೇರ ಹೋಗಲಿ.

ಎರಡನೇ ಹಾಳೆ ಹಬ್ಬದ್ದು. ಎಐಗೆ ದೀಪಾವಳಿ ಗೊತ್ತು, ಯುಗಾದಿ ಗೊತ್ತು. ಕಾರಹುಣ್ಣಿಮೆ, ಶೀಗಿ ಹುಣ್ಣಿಮೆ, ಎಳ್ಳಮಾಸೆ ಅಂದರೆ ಬಾಯಿಗೆ ಬಂದದ್ದು ಬರೆಯುತ್ತದೆ. ನಾಗರ ಪಂಚಮಿಗೆ ಹಾವಿಗೆ ಹಾಲೆರೆದು ಮುಗಿಸಿಬಿಡುತ್ತದೆ. ನಮ್ಮ ಕಡೆ ಪಂಚಮಿ ಅಂದರೆ ಉಂಡಿ, ಜೋಕಾಲಿ, ತವರಿಗೆ ಬರುವ ಹೆಣ್ಣುಮಕ್ಕಳು. ಕಿರಾಣಿ ಅಂಗಡಿಗೆ ವರ್ಷದ ದೊಡ್ಡ ವ್ಯಾಪಾರ ಅದು. ಒಂದೊಂದು ಹಬ್ಬಕ್ಕೂ ಎರಡು ಸಾಲು ನೀವೇ ಬರೆದಿಡಿ: ಮನೆಯಲ್ಲಿ ಏನು ಮಾಡುತ್ತಾರೆ, ಅಂಗಡಿಯಲ್ಲಿ ಏನು ಕೇಳುತ್ತಾರೆ. ದಿನಾಂಕವನ್ನು ಎಐಗೆ ಕೇಳಲೇಬೇಡಿ. ತಿಥಿಯ ಹಬ್ಬಗಳು ಪ್ರತಿ ವರ್ಷ ಸರಿಯುತ್ತವೆ. ಪಂಚಾಂಗ ನೋಡಿ ಕೈಯಿಂದ ತುಂಬಿ. ಸಿದ್ಧಾರೂಢ ಮಠದ ಜಾತ್ರೆಯ ತೇರು ಶಿವರಾತ್ರಿ ಹೊತ್ತಿಗೆ ಬರುತ್ತದೆ, ಅದೂ ಇರಲಿ.

ಹಳೆಯ ಕರಪತ್ರ, ದರಪಟ್ಟಿಯಿಂದ ಮಾಹಿತಿ ಎತ್ತುವವರಿಗೆ ಒಂದು ಮಾತು. ಗದಗಿನ ಮುದ್ರಣಾಲಯದಿಂದ ತಂದ ಫೈಲು ತೆರೆದು ನಕಲು ಮಾಡಿದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಹೆದರಬೇಡಿ. ಅದು ನುಡಿ ಅಥವಾ ಶ್ರೀಲಿಪಿಯ ಹಳೆ ಪದ್ಧತಿಯ ಅಕ್ಷರ. ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನು ಕಂಪ್ಯೂಟರು ಒಪ್ಪಿದ ಅಕ್ಷರ ಸಂಕೇತಕ್ಕೆ, ಮೊದಲು ಪರಿವರ್ತಿಸಿ. ಒತ್ತಕ್ಷರ ಸರಿ ಬಂದಿದೆಯೇ ಅಂತ ಒಂದು ಸಲ ಕಣ್ಣಾಡಿಸಿ.

3. ಮಾಲೀಕರ ಮಾತು ಹಿಡಿದಿಡಿ

ಮಾಲೀಕರು ಗಿರಾಕಿ ಜೊತೆ ಮಾತಾಡೋದನ್ನು ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಗಿರಾಕಿಯ ಹೆಸರು, ನಂಬರ್ ಬಂದ ಕಡೆ ಅಳಿಸಿ. ಅದರಿಂದ ಹದಿನೈದು ಇಪ್ಪತ್ತು ಸಾಲು ಆರಿಸಿ ಹಾಗೇ ಬರೆದುಕೊಳ್ಳಿ. ತಿದ್ದಬೇಡಿ.

ಎಐ ತಾನಾಗಿ ಬರೆಯೋದು ಹೀಗೆ: "ನಮ್ಮ ಉತ್ಕೃಷ್ಟ ಗುಣಮಟ್ಟದ ಖಾರದ ಪುಡಿಯೊಂದಿಗೆ ನಿಮ್ಮ ಅಡುಗೆಯನ್ನು ಹೊಸ ಎತ್ತರಕ್ಕೆ ಕೊಂಡೊಯ್ಯಿರಿ!"

ಮಾಲೀಕರು ಹೇಳೋದು ಹೀಗೆ: "ಈ ಸಲದ ಪುಡಿ ಬಣ್ಣ ಭಾಳ ಛಲೋ ಬಂದೈತ್ರಿ. ಖಾರ ಅಷ್ಟೇನಿಲ್ಲ, ಮಕ್ಕಳೂ ತಿಂತಾವು."

ಎರಡನೆಯದರಲ್ಲಿ ಎರಡು ನಿಜವಾದ ಸಂಗತಿ ಇವೆ. ಮೊದಲನೆಯದರಲ್ಲಿ ಒಂದೂ ಇಲ್ಲ. ಈ ಸಾಲುಗಳನ್ನು ಮಾದರಿಯಾಗಿ ಪ್ರತಿ ಸಲ ಎಐ ಮುಂದೆ ಇಟ್ಟರೆ ಬರಹದ ಬಣ್ಣವೇ ಬದಲಾಗುತ್ತದೆ. ಮಾಡೆಲ್‌ಗೆ ಹೊಸದಾಗಿ ತರಬೇತಿ ಕೊಡುವ ಖರ್ಚು ಬೇಕಿಲ್ಲ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಮಾದರಿ ಕೊಡದೆ "ಉತ್ತರ ಕರ್ನಾಟಕದ ಶೈಲಿಯಲ್ಲಿ ಬರಿ" ಅಂತ ಮಾತ್ರ ಹೇಳಿದರೆ ಅದು ಸಿನಿಮಾದ ಹಾಸ್ಯ ಪಾತ್ರದ ಹಾಗೆ ಬರೆಯುತ್ತದೆ. ಪ್ರತಿ ಪದಕ್ಕೂ ಒಂದು "ರೀ" ಅಂಟಿಸುತ್ತದೆ, ನಡುವೆ ಒಂದು "ಲೇ" ಬೇರೆ. ಗಿರಾಕಿಗೆ "ಲೇ" ಅಂದರೆ ಮುಗೀತಲ್ಲ! ಮತ್ತೆ ಎಲ್ಲ ಅಂಗಡಿಗೂ ಆಡುಮಾತು ಹೊಂದಲ್ಲ. ಖಾನಾವಳಿಗೆ "ಊಟಕ್ಕ ಬರ್ರಿ" ಚಂದ. ಬಂಗಾರದ ಅಂಗಡಿಯವರು ಬೇಡ ಅನ್ನಬಹುದು. ಅವರನ್ನೇ ಕೇಳಿ.

4. ಎಐಗೆ ಹೇಳುವ ಮಾತು

ಎಐಗೆ ಕೊಡುವ ಸೂಚನೆಗೆ ಪ್ರಾಂಪ್ಟ್ ಅಂತಾರೆ. ಕವಿತೆ ಬರೆಯಬೇಡಿ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಹೇಳುವ ಹಾಗೆ ಹೇಳಿ. ನಾನು ಬಳಸುವುದರ ತಿರುಳು ಇದು:

"ನೀನು ಈ ಅಂಗಡಿಯ ಪೋಸ್ಟ್ ಬರೆಯುತ್ತೀಯ. ಕೆಳಗಿನ ಮಾಹಿತಿಯಲ್ಲಿ ಇರುವುದನ್ನು ಮಾತ್ರ ಹೇಳು. ಇಲ್ಲದ್ದನ್ನು ಸೇರಿಸಬೇಡ. ಮಾದರಿ ಸಾಲುಗಳ ಮಾತಿನ ಧಾಟಿ ಹಿಡಿ, ಅವನ್ನೇ ನಕಲು ಮಾಡಬೇಡ. ಬೆಲೆ ಬರಬೇಕಾದ ಜಾಗದಲ್ಲಿ [ಬೆಲೆ] ಅಂತ, ಫೋನ್ ನಂಬರ್ ಜಾಗದಲ್ಲಿ [ಫೋನ್] ಅಂತ ಮಾತ್ರ ಬರಿ. ನಾಲ್ಕು ಸಾಲು ಮೀರಬೇಡ. ಮೂರು ಬೇರೆ ಬೇರೆ ರೀತಿಯಲ್ಲಿ ಬರಿ. ಮಾಹಿತಿ ಸಾಲದಿದ್ದರೆ ಏನು ಬೇಕು ಅಂತ ಕೇಳು."

ಚೌಕ ಕಂಸದ ಆ ಎರಡು ಪದಗಳೇ ಇದರಲ್ಲಿ ಮುಖ್ಯ. ಬೆಲೆಯನ್ನು ಎಐ ಬರೆಯೋದೇ ಇಲ್ಲ. ಅದು ಜಾಗ ಬಿಡುತ್ತದೆ. ನಿಮ್ಮ ಪ್ರೋಗ್ರಾಂ ಹಾಳೆಯಿಂದ ಎತ್ತಿ ತುಂಬುತ್ತದೆ. ಮೈಕ್‌ನಲ್ಲಿ ಏನೇ ಕೇಳಿಸಿರಲಿ, ಬೆಲೆ ಹಾಳೆಯದ್ದೇ. ಇದೊಂದು ಮಾಡಿದರೆ ಅರ್ಧ ತಲೆನೋವು ಹೋಯಿತು.

ಉತ್ತರವನ್ನು ಜೇಸನ್ ರೂಪದಲ್ಲಿ ಕೇಳಿ. ಹೆಸರು ಹಚ್ಚಿದ ಡಬ್ಬಿಗಳಲ್ಲಿ ತುಂಬಿಕೊಟ್ಟ ಉತ್ತರ ಅಂದುಕೊಳ್ಳಿ: ತಲೆಬರಹ ಒಂದರಲ್ಲಿ, ಪೋಸ್ಟ್ ಒಂದರಲ್ಲಿ, ಹ್ಯಾಶ್‌ಟ್ಯಾಗ್ ಒಂದರಲ್ಲಿ. ಇಲ್ಲದಿದ್ದರೆ "ಖಂಡಿತ, ಇಲ್ಲಿದೆ ನಿಮ್ಮ ಪೋಸ್ಟ್" ಅನ್ನೋ ಸಾಲೂ ಸೇರಿಯೇ ಇನ್‌ಸ್ಟಾಗ್ರಾಮ್‌ಗೆ ಹೋಗುತ್ತದೆ. ಅಂಥ ಪೋಸ್ಟ್ ನೀವೂ ನೋಡಿರ್ತೀರಿ, ಅಲ್ವಾ?

5. ಕೀ ಮತ್ತು ಬಿಲ್

ಇದನ್ನು ಬೇಗ ಹೇಳಿಬಿಡುತ್ತೇನೆ. ಎಪಿಐ ಕೀಯನ್ನು ಬ್ರೌಸರ್‌ನಲ್ಲಿ ಓಡುವ ಕೋಡ್‌ನಲ್ಲಿ ಇಡಬೇಡಿ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೂ ಹಾಕಬೇಡಿ. ಸರ್ವರ್‌ನಲ್ಲಿ, ಅಂದರೆ ಟೂಲನ್ನು ಹಿಂದಿನಿಂದ ಓಡಿಸುವ ಕಂಪ್ಯೂಟರ್‌ನಲ್ಲಿ, ಮಾತ್ರ ಇರಲಿ. ಸೇವೆ ಕೊಡುವವರ ಪುಟದಲ್ಲಿ ತಿಂಗಳ ಖರ್ಚಿಗೆ ಮಿತಿ ಹಾಕಿ, ಅದೂ ಮೊದಲ ದಿನವೇ.

ಬಿಲ್ ಬರೋದು ಟೋಕನ್ ಲೆಕ್ಕದಲ್ಲಿ. ಟೋಕನ್ ಅಂದರೆ ಮಾಡೆಲ್ ಪಠ್ಯವನ್ನು ಕತ್ತರಿಸಿಕೊಳ್ಳುವ ತುಂಡು. ಒಂದೇ ಮಾತಿಗೆ ಇಂಗ್ಲಿಷಿಗಿಂತ ಕನ್ನಡಕ್ಕೆ ಸಾಮಾನ್ಯವಾಗಿ ಜಾಸ್ತಿ ತುಂಡು ಬೇಕು. ಹಾಗಾಗಿ ಉತ್ತರದ ಮಿತಿಯನ್ನು ಇಂಗ್ಲಿಷ್ ಉದಾಹರಣೆ ನೋಡಿ ಇಟ್ಟರೆ ಕನ್ನಡ ಅರ್ಧಕ್ಕೇ ನಿಲ್ಲುತ್ತದೆ, ಜೇಸನ್ ಮುರಿಯುತ್ತದೆ. ಮಿತಿಯನ್ನು ಸಡಿಲವಾಗಿಡಿ. ಇಡೀ ಹಾಳೆಯನ್ನು ಕಳಿಸಬೇಡಿ, ಆ ಮಾಲಿನ ಸಾಲು ಮಾತ್ರ ಕಳಿಸಿ.

6. ಚಿತ್ರದ ಮೇಲೆ ಕನ್ನಡ

ಜನ ಸೋಲೋದು ಇಲ್ಲೇ. ಚಿತ್ರ ಬರೆಯುವ ಎಐಗೆ "ಮೇಲೆ ಕನ್ನಡದಲ್ಲಿ ಹೀಗೆ ಬರಿ" ಅಂತ ಹೇಳಬೇಡಿ. ಎಷ್ಟೋ ಸಲ ಕನ್ನಡದ ಹಾಗೆ ಕಾಣುವ, ಯಾವ ಭಾಷೆಯೂ ಅಲ್ಲದ ಅಕ್ಷರ ಬರುತ್ತದೆ. ಒಂದು ಸಲ ಸರಿ ಬಂದರೂ ಮುಂದಿನ ಸಲ ಬರುತ್ತದೆ ಅನ್ನೋ ಭರವಸೆ ಇಲ್ಲ. ಚಿತ್ರ ಬೇರೆ, ಅಕ್ಷರ ಬೇರೆ. ಅಕ್ಷರವನ್ನು ಫಾಂಟ್ ಬಳಸಿ ನಿಮ್ಮ ಪ್ರೋಗ್ರಾಂ ಕೂರಿಸಬೇಕು. ಇನ್ನೂ ಹೇಳಬೇಕಂದರೆ ಎಐ ಚಿತ್ರವೇ ಬೇಡ. ನಿಮ್ಮ ಅಂಗಡಿಯ ಜೋಳದ ರೊಟ್ಟಿಯ ಫೋಟೊ ಇರುವಾಗ ಯಾವುದೋ ಊರಿನ ಚಪಾತಿಯಂಥದ್ದು ಯಾಕೆ?

ಫಾಂಟ್‌ಗೆ ಕೊರತೆ ಇಲ್ಲ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2 ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ವ್ಯಾಪಾರಕ್ಕೂ ಬಳಸಬಹುದು.

ಇನ್ನು ಅಕ್ಷರ ಒಡೆಯುವ ತೊಂದರೆ. ಪೈಥಾನ್‌ನ ಪಿಲ್ಲೊ ಲೈಬ್ರರಿಯಲ್ಲಿ (ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಚಿತ್ರದ ಮೇಲೆ ಬರೆಯುವಾಗ ರಾಕ್ಮ್ ಎಂಬ ಸಹಾಯಕ ಲೈಬ್ರರಿ ಜೊತೆಗಿಲ್ಲದಿದ್ದರೆ ಒತ್ತಕ್ಷರ ಕೆಳಗೆ ಇಳಿಯಲ್ಲ. "ಹುಬ್ಬಳ್ಳಿ" ಹೋಗಿ "ಹುಬ್‌ಬಳ್‌ಳಿ" ಆಗುತ್ತದೆ. ತಮಾಷೆ ಅಂದರೆ ಗದಗಿನವರಿಗೆ ಇದು ಗೊತ್ತೇ ಆಗಲ್ಲ. "ಗದಗ" ಅಂತ ಬರೆದು ಪರೀಕ್ಷಿಸಿದರೆ ಒತ್ತೂ ಇಲ್ಲ, ಗುಣಿತವೂ ಇಲ್ಲ, ಎಲ್ಲ ಸರಿಯಾಗಿಯೇ ಕಾಣುತ್ತದೆ. ಪರೀಕ್ಷೆಗೆ ಈ ಪದಗಳನ್ನು ಇಟ್ಟುಕೊಳ್ಳಿ: ಹುಬ್ಬಳ್ಳಿ, ಲಕ್ಕುಂಡಿ, ಶಿಗ್ಗಾವಿ, ಕಾರ್ತಿಕ, ಸ್ತ್ರೀಶಕ್ತಿ, ರ‍್ಯಾಲಿ. ಕೊನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಇದೆ. "ಕಾಣದ ಅಕ್ಷರಗಳನ್ನು ತೆಗೆದುಹಾಕು" ಅನ್ನೋ ಸ್ವಚ್ಛತಾ ಕೋಡ್ ಇದ್ದರೆ ಅದು "ರ್ಯಾಲಿ" ಆಗಿಬಿಡುತ್ತದೆ.

ನನ್ನ ಸಲಹೆ, ಪಿಲ್ಲೊ ಜೊತೆ ಗುದ್ದಾಡಬೇಡಿ. ಪೋಸ್ಟರನ್ನು ಎಚ್‌ಟಿಎಂಎಲ್ ಪುಟವಾಗಿ, ಅಂದರೆ ವೆಬ್ ಪುಟವಾಗಿ ಕಟ್ಟಿ, ತೆರೆಯಿಲ್ಲದೆ ಓಡುವ ಕ್ರೋಮ್‌ನಿಂದ ಅದರ ಚಿತ್ರ ತೆಗೆಸಿ. ಬ್ರೌಸರ್‌ಗೆ ಕನ್ನಡ ಜೋಡಿಸೋದು ಚೆನ್ನಾಗಿ ಗೊತ್ತು. ಇನ್‌ಸ್ಟಾಗ್ರಾಮ್ ಪೋಸ್ಟ್‌ಗೆ 1080 ಪಿಕ್ಸೆಲ್ ಅಗಲ 1350 ಪಿಕ್ಸೆಲ್ ಎತ್ತರ, ಸ್ಟೇಟಸ್ ಮತ್ತು ಸ್ಟೋರಿಗೆ 1080 ಅಗಲ 1920 ಎತ್ತರ. ಎರಡು ಅಚ್ಚು ಮಾಡಿಟ್ಟರೆ ವರ್ಷ ನಡೆಯುತ್ತದೆ. ಸಾಲುಗಳ ನಡುವೆ ಜಾಗ ಧಾರಾಳವಾಗಿ ಬಿಡಿ. ಇಂಗ್ಲಿಷ್ ಅಳತೆ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

7. ಯಂತ್ರದ ತಪಾಸಣೆ

ಎಐ ಬರೆದದ್ದನ್ನು ಇನ್ನೊಂದು ಎಐಗೆ ತೋರಿಸಿ "ಸರಿಯಾ?" ಅಂತ ಕೇಳೋರಿದ್ದಾರೆ. ಅಂಕಿ ವಿಷಯಕ್ಕೆ ಅದು ಬೇಡ, ಹತ್ತು ಸಾಲಿನ ಮಾಮೂಲಿ ಕೋಡ್ ಸಾಕು. ಪೋಸ್ಟ್‌ನಲ್ಲಿರುವ ಪ್ರತಿ ಅಂಕಿ ಹಾಳೆಯಲ್ಲಿ ಇದೆಯಾ? ಇಲ್ಲ ಅಂದರೆ ತಡೆ. ಇಲ್ಲೂ ಒಂದು ಸೂಕ್ಷ್ಮ ಇದೆ. ತೂಕವನ್ನು ಎಐ ಒಮ್ಮೊಮ್ಮೆ 250 ಅಂತ, ಒಮ್ಮೊಮ್ಮೆ ೨೫೦ ಅಂತ ಬರೆಯುತ್ತದೆ. ಪೈಥಾನ್‌ನ ಅಂಕಿ ಹುಡುಕಾಟ ಎರಡನ್ನೂ ಹಿಡಿಯುತ್ತದೆ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ಹುಡುಕಾಟ 0ರಿಂದ 9 ಮಾತ್ರ ನೋಡುತ್ತದೆ, ಕನ್ನಡ ಅಂಕಿ ನುಸುಳಿ ಹೋಗುತ್ತದೆ. ಮೊದಲೇ ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ.

ಉದ್ದವನ್ನೂ ನೋಡಿ. ಇನ್‌ಸ್ಟಾಗ್ರಾಮ್ ಬರಹಕ್ಕೆ 2,200 ಅಕ್ಷರದ ಮಿತಿ, ಎಕ್ಸ್‌ನ (ಹಿಂದಿನ ಟ್ವಿಟರ್) ಉಚಿತ ಖಾತೆಗೆ 280. ನಾವು ಒಂದು ಅಕ್ಷರ ಅಂದುಕೊಳ್ಳುವ "ಸ್ತ್ರೀ" ಕಂಪ್ಯೂಟರ್ ಲೆಕ್ಕದಲ್ಲಿ ಆರು. ಉದ್ದ ಆಯಿತು ಅಂತ ಮಧ್ಯಕ್ಕೆ ಕತ್ತರಿಸಿದರೆ "ಹುಬ್" ಅಂತ ನೇತಾಡುತ್ತದೆ. ಯಾವತ್ತೂ ಪದ ಮುಗಿದ ಕಡೆಯೇ ಕತ್ತರಿಸಿ.

8. ಒಪ್ಪಿಗೆಯ ಬಟನ್

ತಾನಾಗಿ ಪೋಸ್ಟ್ ಆಗುವ ಹಾಗೆ ಮಾಡಬೇಡಿ. ನನ್ನ ಮೊದಲ ಟೂಲಿನಲ್ಲಿ ಒಪ್ಪಿಗೆಯ ಬಟನ್ ಇರಲಿಲ್ಲ. ಮಾಲೀಕರ ಮನೆಯಲ್ಲಿ ಸಾವಾದ ದಿನ "ಸಂಭ್ರಮದ ಶನಿವಾರ, ಎಲ್ಲರೂ ಬರ್ರಿ" ಅಂತ ಅಂಗಡಿಯ ಪುಟದಲ್ಲಿ ಪೋಸ್ಟ್ ಹೋಯಿತು. ಅವರು ಏನೂ ಅನ್ನಲಿಲ್ಲ. ನಾನು ಅವತ್ತು ಸಂಜೆಯೇ ಬಟನ್ ಹಾಕಿದೆ.

ಮೂರು ಪೋಸ್ಟ್ ತೋರಿಸಿ. ಒಂದನ್ನು ಆರಿಸಲಿ, ಬೇಕಾದರೆ ತಿದ್ದಲಿ, ಆಮೇಲೆ ಹಂಚಿಕೊಳ್ಳುವ ಬಟನ್ ಒತ್ತಲಿ. ಫೋನಿನ ಮಾಮೂಲಿ ಹಂಚಿಕೆ ಪಟ್ಟಿ ತೆರೆದು ವಾಟ್ಸ್‌ಆ್ಯಪ್‌ಗೋ ಇನ್‌ಸ್ಟಾಗ್ರಾಮ್‌ಗೋ ಹೋದರೆ ಮೊದಲ ಆರು ತಿಂಗಳಿಗೆ ಅಷ್ಟೇ ಸಾಕು. ನೇರವಾಗಿ ಎಪಿಐ ಮೂಲಕ ಹಾಕಲು ಇನ್‌ಸ್ಟಾಗ್ರಾಮ್‌ನಲ್ಲಿ ವೃತ್ತಿಪರ ಖಾತೆ ಬೇಕು, ಬೇರೆಯವರ ಖಾತೆಗಳಿಗೂ ಹಾಕೋದಾದರೆ ಮೆಟಾದಿಂದ ನಿಮ್ಮ ಆ್ಯಪ್‌ನ ಪರಿಶೀಲನೆಯೂ ಆಗಬೇಕು. ವಾಟ್ಸ್‌ಆ್ಯಪ್‌ಗೆ ಅಡ್ಡದಾರಿಯ ಪ್ರೋಗ್ರಾಂಗಳನ್ನು ಮಾತ್ರ ಮುಟ್ಟಬೇಡಿ. ನಂಬರ್ ನಿಷೇಧವಾದರೆ ವರ್ಷಗಟ್ಟಲೆ ಕೂಡಿಸಿದ ಗಿರಾಕಿಗಳೆಲ್ಲ ಒಂದೇ ದಿನ ಕೈತಪ್ಪುತ್ತಾರೆ.

ಗಿರಾಕಿಯ ಮುಖ ಇರುವ ಫೋಟೊಗೆ ಅವರನ್ನು ಕೇಳಿಯೇ ಹಾಕಿ. ಸೀರೆ ಉಟ್ಟು ನೋಡಿದ ಹೆಣ್ಣುಮಕ್ಕಳ ಫೋಟೊ ಆದರಂತೂ ಕೇಳದೆ ಟೂಲಿನೊಳಗೂ ಹಾಕಬೇಡಿ.

9. ಎರಡು ವಾರದ ಪರೀಕ್ಷೆ

ಅಂಗಡಿಯ ಹಳೆಯ ಇಪ್ಪತ್ತು ಫೋಟೊ ತೆಗೆದುಕೊಂಡು ಟೂಲಿಗೆ ಕೊಡಿ. ಬಂದ ಪೋಸ್ಟ್‌ಗಳನ್ನು ಮಾಲೀಕರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ಮುಖ ಕಿವುಚುತ್ತಾರೋ ಅಲ್ಲಿ ಗುರುತು ಹಾಕಿ. ಕಾರಣ ಕೇಳಿದರೆ "ಯಾಕೋ ಸರಿ ಅನಸವಲ್ದು" ಅನ್ನುತ್ತಾರೆ, ಸಾಕು. ಆ ಪದ ನಿಷಿದ್ಧ ಪಟ್ಟಿಗೆ ಹೋಗಲಿ.

ಆಮೇಲೆ ನಿಜವಾಗಿ ಬಳಸಲು ಕೊಡಿ. ಎಐ ಬರೆದದ್ದು ಒಂದು ಖಾನೆಯಲ್ಲಿ, ಮಾಲೀಕರು ತಿದ್ದಿದ್ದು ಪಕ್ಕದ ಖಾನೆಯಲ್ಲಿ ತಾನಾಗಿ ಉಳಿಯುವ ಹಾಗೆ ಮಾಡಿ. ವಾರಕ್ಕೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಿದ್ದಿದ ಸಾಲುಗಳಲ್ಲಿ ಒಳ್ಳೆಯವನ್ನು ಮೂರನೇ ಹಂತದ ಮಾದರಿಗಳಿಗೆ ಸೇರಿಸಿ, ಹಳೆಯವನ್ನು ತೆಗೆಯಿರಿ. ಮಾದರಿ ಒಂದೇ ಇದ್ದರೆ ತಿಂಗಳೊಳಗೆ ಎಲ್ಲ ಪೋಸ್ಟ್ ಒಂದೇ ಥರ ಆಗುತ್ತವೆ. "ಬಣ್ಣ ಛಲೋ ಬಂದೈತ್ರಿ" ಅಂತ ವಾರಕ್ಕೆ ಮೂರು ಸಲ ಓದಿದ ಗಿರಾಕಿ ನಾಲ್ಕನೇ ಸಲ ನಿಲ್ಲಲ್ಲ.

ಬೆಲೆಯ ಹಾಳೆಯನ್ನು ಯಾರು ಬದಲಾಯಿಸಬೇಕು ಅನ್ನೋದನ್ನು ಈಗಲೇ ತೀರ್ಮಾನಿಸಿ. ಬ್ಯಾಡಗಿ ಪೇಟೆಯಲ್ಲಿ ಕಾಯಿಯ ದರ ಏರಿಳಿದರೆ ಪುಡಿಯ ಬೆಲೆಯೂ ಬದಲಾಗುತ್ತದೆ. ಬೆಲೆ ಬದಲಾದ ದಿನದ ಖಾನೆ ಹದಿನೈದು ದಿನಕ್ಕಿಂತ ಹಳೆಯದಾಗಿದ್ದರೆ ಟೂಲ್ ಪೋಸ್ಟ್ ಬರೆಯುವ ಮೊದಲು "ಬೆಲೆ ಇದೇನಾ?" ಅಂತ ಕೇಳಲಿ. ಎಪಿಐ ಖಾತೆ, ಹಾಳೆ, ಇನ್‌ಸ್ಟಾಗ್ರಾಮ್ ಪಾಸ್‌ವರ್ಡ್ ಎಲ್ಲ ಅಂಗಡಿಯವರ ಇಮೇಲ್‌ನಲ್ಲೇ ಇರಲಿ, ನಿಮ್ಮದರಲ್ಲಿ ಬೇಡ. ನಾಳೆ ನಿಮಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೋದರೂ ಅವರ ಪಂಚಮಿ ಪೋಸ್ಟ್ ನಿಲ್ಲಬಾರದು.